ಡಾಕ್ಟರಿಕೆಯ ಎರಡನೆಯ ವರ್ಷ ಮತ್ತು ನಮ್ಮ ತೋಟ

ನಮ್ಮ ಸದಸ್ಯ ಬಾಂಧವರ ಮನೆಗಳಿಂದ ಎಂ.ಬಿ.ಬಿ.ಎಸ್. ಓದಲು ಹೋಗುವ ಮಕ್ಕಳು ಈಗ ಅಪರೂಪವಲ್ಲ. ಹಿಂದೆ ಈ ಓದಿಗೆ ಮಂಗಳೂರು, ಮಣಿಪಾಲ, ಮೈಸೂರು, ಬೆಂಗಳೂರುಗಳಿಗೇ ಹೋಗಬೇಕಾಗಿತ್ತು. ಈಗ ಶಿವಮೊಗ್ಗ, ಹಾಸನ, ಮಡಿಕೇರಿ, ಚಿಕ್ಕಮಗಳೂರುಗಳಲ್ಲಿಯೂ ಸರಕಾರಿ ವೈದ್ಯಕೀಯ ಕಾಲೇಜುಗಳಾಗಿವೆ. ಮಗ ಅಥವಾ ಮಗಳು ಮೊದಲ ವರ್ಷ ಮುಗಿಸಿ ರಜೆಗೆ ಬಂದ ಕೂಡಲೆ ನೆಂಟರು, ನೆರೆಯವರು ಸೊಂಟನೋವಿಗೂ ಕೆಮ್ಮಿಗೂ ಗುಳಿಗೆ ಕೇಳಲು ತೊಡಗುತ್ತಾರೆ. ಪಾಪ, ಆ ಮಕ್ಕಳು ಅಲ್ಲಿಯವರೆಗೆ ರೋಗವನ್ನೇ ಓದಿರುವುದಿಲ್ಲ, ಗುಳಿಗೆಯ ಮಾತು ಹಾಗಿರಲಿ. ಅವೆರಡನ್ನೂ ಓದುವುದು ಎರಡನೆಯ ವರ್ಷದಲ್ಲಿ.

ಆ ವರ್ಷದಲ್ಲಿ ಏನು ಕಲಿಸುತ್ತಾರೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ. ಸಂಘದ ಪತ್ರಿಕೆಗೂ ವೈದ್ಯಕೀಯ ಪಠ್ಯಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧ ಬಹಳವಿದೆ. ಆ ಒಂದು ವರ್ಷದ ಪುಸ್ತಕಗಳಲ್ಲಿ ನಮ್ಮ ಕಾಫಿ ಇದೆ, ಅಡಿಕೆ ಇದೆ, ನಾವು ಹೊಡೆಯುವ ಔಷಧಿ ಇದೆ, ನಮ್ಮ ಕಾಡಿನ ಉಣುಗು ಇದೆ, ಗದ್ದೆ ತೋಟದ ಕೆಸರೂ ಇದೆ. ಅಲ್ಲಿ ನಮ್ಮ ಬಗ್ಗೆ ಬರೆದಿರುವುದನ್ನು ನಾವೂ ತಿಳಿದಿರುವುದು ಮೇಲು.

ಮೂರು ವಿಷಯಗಳು

ಎಂ.ಬಿ.ಬಿ.ಎಸ್. ಒಟ್ಟು ನಾಲ್ಕೂವರೆ ವರ್ಷದ ಓದು, ಅದರ ಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ಕಡ್ಡಾಯ ತರಬೇತಿ. ಮೊದಲ ವರ್ಷದಲ್ಲಿ ಆರೋಗ್ಯವಂತ ಶರೀರದ ಪರಿಚಯವಾಗುತ್ತದೆ: ಅಂಗರಚನೆ, ಶರೀರಕ್ರಿಯೆ ಮತ್ತು ಜೀವರಸಾಯನ. ಎರಡನೆಯ ವರ್ಷದ ಪ್ರಧಾನ ವಿಷಯಗಳೂ ಮೂರು: ಪೆಥಾಲಜಿ ಅಂದರೆ ರೋಗಶಾಸ್ತ್ರ, ಮೈಕ್ರೊಬಯಾಲಜಿ ಅಂದರೆ ಸೂಕ್ಷ್ಮಜೀವಿಶಾಸ್ತ್ರ, ಫಾರ್ಮಕಾಲಜಿ ಅಂದರೆ ಔಷಧಶಾಸ್ತ್ರ. ಮೊದಲು ಈ ಹಂತ ಒಂದೂವರೆ ವರ್ಷದ್ದಾಗಿದ್ದು, ನ್ಯಾಯವೈದ್ಯಶಾಸ್ತ್ರದ ಪರೀಕ್ಷೆಯೂ ಅದರಲ್ಲಿಯೇ ಸೇರಿತ್ತು. 2019ರಲ್ಲಿ ಸೇರಿದ ತಂಡದಿಂದ ಹೊಸ ಪಠ್ಯಕ್ರಮ ಬಂದು, ಹಂತವು ಸುಮಾರು ಒಂದು ವರ್ಷಕ್ಕೆ ಇಳಿಯಿತು. ಬೆಳಿಗ್ಗೆ ವಾರ್ಡಿನಲ್ಲಿ ರೋಗಿಗಳ ಬಳಿ ಕಲಿಯುವುದೂ ಈ ವರ್ಷವೇ ಆರಂಭ. ಕತ್ತಿಗೆ ಸ್ಟೆತಾಸ್ಕೋಪು ಬೀಳುವುದು ಆಗಲೇ.

ತೋಟದ ಭಾಷೆಯಲ್ಲಿ ಹೇಳುವುದಾದರೆ, ಮೊದಲ ವರ್ಷ ಆರೋಗ್ಯವಾದ ಗಿಡವನ್ನು ಬೇರಿನಿಂದ ಚಿಗುರಿನವರೆಗೆ ಅರಿಯುವುದು. ಎರಡನೆಯ ವರ್ಷ ಗಿಡಕ್ಕೆ ಬರುವ ಕೇಡು ಯಾವುದು, ಅದನ್ನು ತರುವ ಜೀವಿ ಯಾವುದು, ಅದಕ್ಕೆ ಹೊಡೆಯುವ ಮದ್ದು ಯಾವುದು ಎಂಬ ಮೂರು ಪ್ರಶ್ನೆಗಳು. ಈ ಮೂರನ್ನೂ ಬೆರೆಸದೆ ಬೇರೆ ಬೇರೆಯಾಗಿ ಕೇಳುವ ಶಿಸ್ತೇ ಆ ವರ್ಷದ ಪಾಠ.

ಸೂಕ್ಷ್ಮಜೀವಿಗಳು

ರೋಗ ತರುವ ಜೀವಿಯನ್ನು ಮೊದಲು ಖಚಿತವಾಗಿ ಹಿಡಿದದ್ದು ಮನುಷ್ಯರ ರೋಗದಲ್ಲಲ್ಲ, ಬೆಳೆಯ ರೋಗದಲ್ಲಿ ಎಂಬುದು ಬೆಳೆಗಾರರು ಹೆಮ್ಮೆಪಡಬಹುದಾದ ಸಂಗತಿ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಕೊಳೆತು ಭೀಕರ ಕ್ಷಾಮ ಬಂದಿತು. ಆ ಕೊಳೆತಕ್ಕೆ ಒಂದು ಶಿಲೀಂಧ್ರವೇ ಕಾರಣವೆಂದು ಜರ್ಮನಿಯ ಆಂಟನ್ ಡಿ ಬಾರಿ 1861ರಲ್ಲಿ ತೋರಿಸಿದನು. ರಾಬರ್ಟ್ ಕಾಖ್ ದನಕರುಗಳ ಆಂಥ್ರಾಕ್ಸ್ ರೋಗದ ಕ್ರಿಮಿಯನ್ನು ಸಿದ್ಧಪಡಿಸಿ ತೋರಿಸಿದ್ದು 1876ರಲ್ಲಿ. ಆಲೂಗಡ್ಡೆಯ ಆ ಶಿಲೀಂಧ್ರದ ಹೆಸರು ಫೈಟಾಫ್ತೊರಾ. ನಮ್ಮ ಅಡಿಕೆಯ ಕೊಳೆರೋಗವೂ ಅದೇ ಕುಲಕ್ಕೆ ಸೇರಿದ ಶಿಲೀಂಧ್ರದ್ದು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್‌ಮನ್ನರು ಕೊಳೆರೋಗದ ಮೇಲೆ ಪುಸ್ತಿಕೆ ಪ್ರಕಟಿಸಿದ್ದು 1910ರಲ್ಲಿ.

ವಿದ್ಯಾರ್ಥಿಗಳು ಗಾಜಿನ ತುಣುಕಿನ ಮೇಲೆ ಕಫವನ್ನೋ ಕೀವನ್ನೋ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. 1884ರಲ್ಲಿ ಗ್ರಾಮ್ ಎಂಬ ಡೆನ್ಮಾರ್ಕಿನ ವೈದ್ಯನು ಕಂಡುಹಿಡಿದ ಬಣ್ಣದ ಕ್ರಮ ಇಂದಿಗೂ ಮೊದಲ ಪಾಠ. ನೇರಳೆಯಾಗಿ ಉಳಿದವು ಒಂದು ಗುಂಪು, ಕೆಂಪಾದವು ಇನ್ನೊಂದು ಗುಂಪು. ಯಾವ ಔಷಧ ನಾಟುತ್ತದೆ ಎಂಬ ಊಹೆ ಅಲ್ಲಿಂದಲೇ ಆರಂಭವಾಗುತ್ತದೆ.

ಈ ವಿಷಯದಲ್ಲಿ ಮಲೆನಾಡಿನವರ ಪಾಲು ದೊಡ್ಡದು. ಮೂರು ಉದಾಹರಣೆಗಳನ್ನು ಮಾತ್ರ ಕೊಡುತ್ತೇನೆ.

ಮೊದಲನೆಯದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬಿದ್ದು, ಹಳ್ಳಿಯ ಜನ ಜ್ವರದಿಂದ ನರಳಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ಸೊಂದನ್ನು ಗುರುತಿಸಿದರು. ಅದರ ಹೆಸರು ಲೋಕದ ಎಲ್ಲ ಪುಸ್ತಕಗಳಲ್ಲಿಯೂ ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಇದೆ. ಇದನ್ನು ಹರಡುವುದು ಉಣುಗು. ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದು ಕಂಡಿಲ್ಲ. ಸೊಪ್ಪು, ದರಗು ತರಲು ಕಾಡಿಗೆ ಹೋಗುವ ಡಿಸೆಂಬರಿನಿಂದ ಮೇವರೆಗಿನ ಕಾಲವೇ ಇದರ ಕಾಲ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಲಗೋಡು ಭಾಗ ಪಟ್ಟ ಪಾಡು ನಮಗೆಲ್ಲ ನೆನಪಿದೆ. ಹಿಂದೆ ಕೊಡುತ್ತಿದ್ದ ಲಸಿಕೆ ಈಗ ಬಳಕೆಯಲ್ಲಿಲ್ಲ. ವೈರಸ್ಸನ್ನೇ ಕೊಲ್ಲುವ ಔಷಧವೂ ಇಲ್ಲ. ಮೈಗೆ ಹಚ್ಚುವ ಡೇಪಾ ಎಣ್ಣೆ, ಮೈತುಂಬ ಬಟ್ಟೆ, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಇವೇ ರಕ್ಷಣೆ.

ಎರಡನೆಯದು ಇಲಿಜ್ವರ. ಇಲಿ ಹೆಗ್ಗಣಗಳ ಮೂತ್ರದಿಂದ ಕೆಸರು ನೀರಿಗೆ ಸೇರುವ ಲೆಪ್ಟೊಸ್ಪೈರಾ ಎಂಬ ಕ್ರಿಮಿಯು ಕಾಲಿನ ಗಾಯ, ಬಿರುಕುಗಳ ಮೂಲಕ ಒಳಸೇರುತ್ತದೆ. ಜ್ವರ, ಮೀನಖಂಡದ ಬಲವಾದ ನೋವು, ಕಣ್ಣು ಕೆಂಪಾಗುವುದು ಲಕ್ಷಣ. ಉಲ್ಬಣಿಸಿದರೆ ಮೈ ಹಳದಿಯಾಗಿ ಮೂತ್ರ ಕಡಿಮೆಯಾಗುತ್ತದೆ. ನಮ್ಮಲ್ಲಿ ಹಳದಿ ಕಂಡರೆ ಕಾಮಾಲೆಯೆಂದು ನಾಟಿ ಮದ್ದಿಗೆ ಓಡುವ ರೂಢಿಯಿದೆ. ಮಳೆಗಾಲದಲ್ಲಿ ಜ್ವರದೊಡನೆ ಬಂದ ಹಳದಿಗೆ ಹಾಗೆ ಮಾಡಿ ದಿನ ಕಳೆಯುವುದು ಪ್ರಾಣಕ್ಕೆ ಕುತ್ತು. ಬೇಗ ಹೋದರೆ ಸಾಮಾನ್ಯ ಆ್ಯಂಟಿಬಯಾಟಿಕ್ ಔಷಧಗಳಿಂದಲೇ ಗುಣವಾಗುವ ರೋಗವಿದು.

ಮೂರನೆಯದು ಕೊಕ್ಕೆಹುಳು. ಬರಿಗಾಲಿನ ಚರ್ಮವನ್ನು ತೂರಿ ಒಳಹೊಕ್ಕು, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಹುಳು. ಕೆಲಸದ ಹೆಂಗಸರು ಬಿಳಿಚಿಕೊಂಡು, ಏದುಸಿರು ಬಿಡುತ್ತ, ಬುಟ್ಟಿ ಹೊರಲಾರದೆ ಕುಳಿತರೆ ನಾವು ಸೋಮಾರಿತನವೆನ್ನುತ್ತೇವೆ. ಎರಡನೆಯ ವರ್ಷದ ಹುಡುಗಿ ಮಲಪರೀಕ್ಷೆಯಲ್ಲಿ ಅದರ ಮೊಟ್ಟೆಯನ್ನು ನೋಡಿ ಕಾರಣ ಹೇಳುತ್ತಾಳೆ. ಅಲ್ಬೆಂಡಜೋಲ್ ಗುಳಿಗೆ, ಕಬ್ಬಿಣಾಂಶದ ಮಾತ್ರೆ, ಕಾಲಿಗೊಂದು ಜೊತೆ ಬೂಟು, ಇಷ್ಟೇ ಇದಕ್ಕೆ ಬೇಕಾದದ್ದು.

ಔಷಧಶಾಸ್ತ್ರ

ಔಷಧವು ದೇಹದಲ್ಲಿ ಏನು ಮಾಡುತ್ತದೆ, ದೇಹವು ಔಷಧವನ್ನು ಏನು ಮಾಡುತ್ತದೆ ಎಂಬ ಎರಡು ಪ್ರಶ್ನೆಗಳ ಶಾಸ್ತ್ರವಿದು. ಮಕ್ಕಳಿಗೆ ಅತಿ ಹೆಚ್ಚು ಬಾಯಿಪಾಠದ ಹೊರೆ ಇದರದೇ. ಇಲ್ಲಿ ಮೊದಲು ನಮ್ಮ ಕಾಫಿಯನ್ನು ಕುರಿತು ಸಂತೋಷದ ಮಾತು.

ಕಾಫಿ ಬೀಜದಿಂದ ಕೆಫೀನನ್ನು ಮೊದಲು ಬೇರ್ಪಡಿಸಿದವನು ಜರ್ಮನಿಯ ರುಂಗೆ, 1819ರಲ್ಲಿ. ದಣಿವನ್ನು ತಿಳಿಸುವ ಅಡಿನೊಸಿನ್ ಎಂಬ ವಸ್ತು ಮಿದುಳಿನಲ್ಲಿ ಕೂರಬೇಕಾದ ಜಾಗವನ್ನು ಕೆಫೀನು ಆಕ್ರಮಿಸುತ್ತದೆ. ಕಾಫಿ ಕುಡಿದರೆ ನಿದ್ದೆ ದೂರವಾಗುವುದು ಇದರಿಂದ. ದಿನ ತುಂಬದೆ ಹುಟ್ಟಿದ ಕೂಸುಗಳು ಉಸಿರಾಡುವುದನ್ನೇ ಮರೆತು ನಡುನಡುವೆ ನಿಲ್ಲಿಸುವುದುಂಟು. ಅಂಥ ಕೂಸುಗಳಿಗೆ ಇಂದು ಕೊಡುವ ಮುಖ್ಯ ಔಷಧ ಕೆಫೀನು. ಸುಮಾರು 2,000 ಶಿಶುಗಳನ್ನು ಒಳಗೊಂಡು 2006ರಲ್ಲಿ ಪ್ರಕಟವಾದ ಅಧ್ಯಯನವು ಇದರ ಉಪಯೋಗವನ್ನು ದೃಢಪಡಿಸಿತು. ಇದು ವೈದ್ಯರು ಅಳೆದು ಕೊಡುವ ಔಷಧವೇ ಹೊರತು ಮನೆಯ ಡಿಕಾಕ್ಷನ್ ಅಲ್ಲ ಎಂಬುದನ್ನು ಬಾಣಂತಿಯರಿರುವ ಮನೆಗಳಿಗೆ ಒತ್ತಿ ಹೇಳುತ್ತೇನೆ.

ಇನ್ನು ಕೀಟನಾಶಕದ ಪಾಠ. ಇದನ್ನು ಅಡಿಕೆಯಿಂದಲೇ ವಿವರಿಸಬಹುದು. ಅಭ್ಯಾಸವಿಲ್ಲದವರು ಕವಳ ಹಾಕಿದಾಗ ಬಾಯಿ ನೀರೂರಿ, ಬೆವರಿ, ತಲೆ ತಿರುಗುವುದನ್ನು ಅಡಿಕೆ ಸೊಕ್ಕಿತು ಎನ್ನುತ್ತೇವೆ. ನರಗಳು ಗ್ರಂಥಿಗಳಿಗೂ ಸ್ನಾಯುಗಳಿಗೂ ಸುದ್ದಿ ಮುಟ್ಟಿಸುವುದು ಅಸಿಟೈಲ್‌ಕೊಲಿನ್ ಎಂಬ ವಸ್ತುವಿನ ಮೂಲಕ. ಅಡಿಕೆಯ ಅರೆಕೊಲಿನ್ ಅದರಂತೆಯೇ ನಟಿಸುತ್ತದೆ. ಸುದ್ದಿ ಮುಟ್ಟಿದ ಮೇಲೆ ಅಸಿಟೈಲ್‌ಕೊಲಿನನ್ನು ಒಡೆದುಹಾಕುವ ಒಂದು ಕಿಣ್ವ ದೇಹದಲ್ಲಿದೆ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಮೊದಲಾದ ರಂಜಕದ ಗುಂಪಿನ ಕೀಟನಾಶಕಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಆಗ ಸೊಕ್ಕು ಇಳಿಯುವುದೇ ಇಲ್ಲ, ಏರುತ್ತ ಹೋಗುತ್ತದೆ. ಬಾಯಿ ಮೂಗುಗಳಲ್ಲಿ ನೀರು, ಬೆವರು, ವಾಂತಿ, ಭೇದಿ, ಕಣ್ಣಿನ ಪಾಪೆ ಸಾಸಿವೆಯಷ್ಟು ಚಿಕ್ಕದಾಗುವುದು, ಎದೆಯಲ್ಲಿ ಕಫ ತುಂಬಿ ಉಸಿರು ಕಟ್ಟುವುದು, ಮಾಂಸಖಂಡಗಳ ಅದುರು, ಕೊನೆಗೆ ಎಚ್ಚರ ತಪ್ಪುವುದು.

ಇದಕ್ಕೆ ಪ್ರತಿಯಾದ ಮದ್ದು ಅಟ್ರೊಪಿನ್. ಅಸಿಟೈಲ್‌ಕೊಲಿನ್ ಕೂರುವ ಜಾಗವನ್ನು ಅದು ಮುಚ್ಚುತ್ತದೆ. ಕಟ್ಟಿಬಿದ್ದ ಕಿಣ್ವವನ್ನು ಬಿಡಿಸಲು ಪ್ರಾಲಿಡಾಕ್ಸಿಮ್ ಎಂಬ ಇನ್ನೊಂದು ಔಷಧವನ್ನೂ ಕಲಿಸುತ್ತಾರೆ. ಅಟ್ರೊಪಿನ್ನಿನ ಬಳಗ ಉಮ್ಮತ್ತಿ ಗಿಡದಲ್ಲಿಯೂ ಇದೆ. ಆದರೆ ಅದರ ಪ್ರಮಾಣ ಯಾರ ಅಂದಾಜಿಗೂ ಸಿಕ್ಕದು. ಈ ಓದು ಕೇಳಿ ಯಾರೂ ಉಮ್ಮತ್ತಿಯ ರಸ ಕುಡಿಸಲು ಹೋಗಬಾರದು. ಅದು ಒಂದು ವಿಷದ ಮೇಲೆ ಇನ್ನೊಂದು ವಿಷವಾದೀತು.

ಇನ್ನೊಂದು ವಿಷಯವನ್ನು ಎಲ್ಲರೂ ತಿಳಿದಿರಬೇಕು. ಮೊದಲ ದಿನ ಚೇತರಿಸಿಕೊಂಡಂತೆ ಕಂಡ ರೋಗಿಗೆ ಒಂದರಿಂದ ನಾಲ್ಕು ದಿನಗಳ ನಡುವೆ ಕತ್ತು ಎತ್ತಲಾಗದೆ, ಉಸಿರಾಟದ ಸ್ನಾಯುಗಳು ಸೋಲುವುದುಂಟು. 1987ರಲ್ಲಿ ಶ್ರೀಲಂಕಾದ ವೈದ್ಯರು ಇದನ್ನು ವಿವರಿಸಿದರು. ಮಾತನಾಡುತ್ತಿದ್ದಾನೆ, ಗಂಜಿ ಕುಡಿದಿದ್ದಾನೆ, ಇನ್ನು ಮನೆಗೆ ಕರೆದೊಯ್ಯುತ್ತೇವೆ ಎಂದು ಎರಡನೆಯ ದಿನವೇ ಹಟ ಹಿಡಿಯುವವರು ಈ ಮಾತನ್ನು ನೆನಪಿನಲ್ಲಿಡಬೇಕು. ಕೆಲಸದವರಿಗೆ ಹಾಗಾದರಂತೂ ಮಾಲೀಕರು ಆಸ್ಪತ್ರೆಯ ಖರ್ಚಿಗೆ ಹಿಂಜರಿಯಕೂಡದು.

ರೋಗಶಾಸ್ತ್ರ

1858ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಕೊ ರೋಗದ ಮೂಲವನ್ನು ಜೀವಕೋಶದಲ್ಲಿ ಹುಡುಕಬೇಕೆಂದು ಸಾರಿದನು. ಪೆಥಾಲಜಿಯ ಅಡಿಗಲ್ಲು ಅದೇ. ಇದರ ವಿಭಾಗದಲ್ಲಿ ಗಾಜಿನ ಜಾಡಿಗಳ ಸಾಲು ಇರುತ್ತದೆ: ಗಟ್ಟಿಯಾದ ಯಕೃತ್ತು, ಕ್ಷಯ ಹಿಡಿದ ಶ್ವಾಸಕೋಶ, ಗಡ್ಡೆ ಬೆಳೆದ ನಾಲಿಗೆ. ವಿದ್ಯಾರ್ಥಿ ಒಂದೊಂದನ್ನೂ ನೋಡಿ ಏನು ಕೆಟ್ಟಿದೆ, ಹೇಗೆ ಕೆಟ್ಟಿತು ಎಂದು ಹೇಳಬೇಕು.

ಶ್ವಾಸಕೋಶದ ಮಾತು ಬಂದುದರಿಂದ ಒಂದು ಸಂಗತಿ. ಬೋರ್ಡೋ ಮಿಶ್ರಣವನ್ನು ವರ್ಷಗಟ್ಟಲೆ ಸಿಂಪಡಿಸುತ್ತಿದ್ದ ದ್ರಾಕ್ಷಿ ತೋಟದ ಕೆಲಸಗಾರರ ಶ್ವಾಸಕೋಶದಲ್ಲಿ ತಾಮ್ರ ಸೇರಿಕೊಂಡು ಗಂಟು, ಕಲೆಗಳಾಗಿದ್ದುದನ್ನು ಪೋರ್ಚುಗಲ್ಲಿನ ವೈದ್ಯರು 1969ರಲ್ಲಿ ವರದಿ ಮಾಡಿದರು. ದ್ರಾಕ್ಷಿಯ ಬಳ್ಳಿ ಎದೆಯ ಎತ್ತರದ್ದು. ನಮ್ಮವರು ಕೊನೆಗೆ ಮದ್ದು ಹೊಡೆಯುವುದು ಮುಖ ಮೇಲೆತ್ತಿಕೊಂಡು, ಇಲ್ಲವೆ ಮರದ ತುದಿಯಲ್ಲಿ ಕೂತು. ಮೈಲುತುತ್ತು ಸುಣ್ಣ ಏನು ಮಾಡೀತು ಎಂಬ ಧೈರ್ಯ ಬೇಡ. ಮುಖಕ್ಕೆ ಸರಿಯಾದ ಮಾಸ್ಕು ಇರಲಿ.

ಇನ್ನು ಅಡಿಕೆಯ ವಿಷಯ. ನಾನೂ ಅಡಿಕೆ ಬೆಳೆಗಾರ. ನಮ್ಮ ಮನೆಯ ಒಲೆ ಉರಿಯುವುದೂ ಅದರಿಂದಲೇ. ಆದರೂ ನಮ್ಮ ಮಕ್ಕಳು ಓದುತ್ತಿರುವುದನ್ನು ನಾವು ಓದದಿರುವುದು ಸರಿಯಲ್ಲ. ಬಾಯಿಯ ಒಳಚರ್ಮದ ಕೆಳಗೆ ನಾರು ಕಟ್ಟಿ, ಬಾಯಿ ದಿನದಿಂದ ದಿನಕ್ಕೆ ಕಿರಿದಾಗುವ ಒಂದು ರೋಗವಿದೆ. 1952ರಲ್ಲಿ ಶ್ವಾರ್ಟ್ಸ್ ಎಂಬವರು ಪೂರ್ವ ಆಫ್ರಿಕದ ಭಾರತೀಯ ಹೆಂಗಸರಲ್ಲಿ ಇದನ್ನು ಗುರುತಿಸಿ ಬರೆದರು. ಇದಕ್ಕೆ ಮುಖ್ಯ ಕಾರಣ ಅಡಿಕೆ ಜಗಿಯುವುದು ಎಂದು ಇಂದಿನ ಪುಸ್ತಕಗಳು ಹೇಳುತ್ತವೆ. ಕೆಲವರಲ್ಲಿ ಇದು ಕ್ಯಾನ್ಸರಿಗೆ ತಿರುಗುತ್ತದೆ.

ದೋಷವೆಲ್ಲ ತಂಬಾಕಿನದು, ಅಡಿಕೆಯದಲ್ಲ ಎಂಬ ವಾದವನ್ನು ನಾವೆಲ್ಲ ಮಾಡುತ್ತ ಬಂದಿದ್ದೇವೆ. ಆ ವಾದಕ್ಕೆ ಒಂದು ಕಾಲದಲ್ಲಿ ಆಧಾರವಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1985ರಲ್ಲಿ ತಂಬಾಕು ಸೇರಿದ ಕವಳವನ್ನು ಮಾತ್ರ ಕ್ಯಾನ್ಸರ್‌ಕಾರಕವೆಂದು ನಿರ್ಣಯಿಸಿ, ತಂಬಾಕಿಲ್ಲದ ಕವಳದ ಬಗ್ಗೆ ಸಾಕಷ್ಟು ಪುರಾವೆಯಿಲ್ಲ ಎಂದಿತ್ತು. 2003ರಲ್ಲಿ ಅದೇ ಸಂಸ್ಥೆ ಮತ್ತೆ ಪರಿಶೀಲಿಸಿ, ತಂಬಾಕಿಲ್ಲದ ಕವಳವನ್ನೂ ಅಡಿಕೆಯನ್ನೂ ಮೊದಲನೆಯ ದರ್ಜೆಯ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ತಂಬಾಕು ಸೇರಿದರೆ ಅಪಾಯ ಇನ್ನೂ ಹೆಚ್ಚು ಎಂಬುದು ನಿಜವೇ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಅಡಿಕೆ ಪುಡಿಯ ಪೊಟ್ಟಣ ಒಂದು ಕಡೆ, ತಂಬಾಕಿನ ಪೊಟ್ಟಣ ಇನ್ನೊಂದು ಕಡೆ ತೂಗುವುದನ್ನೂ ಕಂಡಿದ್ದೇವೆ. ಅದನ್ನು ಕೊಳ್ಳುವವರಲ್ಲಿ ಮೀಸೆ ಮೂಡದ ಹುಡುಗರಿದ್ದಾರೆ.

ಶುಭಕಾರ್ಯದ ತಟ್ಟೆಯಲ್ಲಿ ಅಡಿಕೆಗೆ ಇರುವ ಸ್ಥಾನಕ್ಕೆ ಯಾರ ತಕರಾರೂ ಇಲ್ಲ. ಬೆಲೆ, ಆಮದು, ತೆರಿಗೆಗಳ ವಿಷಯದಲ್ಲಿ ಬೆಳೆಗಾರರ ಪರವಾಗಿ ಸಂಘವು ಹೋರಾಡುವುದೂ ನಿಲ್ಲದು. ಆದರೆ ಬೆಳೆಯುವುದು ಬೇರೆ, ದಿನವಿಡೀ ಜಗಿಯುವುದು ಬೇರೆ. ಜಗಿಯುವುದರಿಂದ ಏನೂ ಆಗದು ಎಂದು ನಮ್ಮ ಮನೆಯ ಮಕ್ಕಳಿಗೂ ಕೆಲಸದವರಿಗೂ ಹೇಳುವ ಹಕ್ಕು ನಮಗಿಲ್ಲ.

ಕಳೆದ ಸುಗ್ಗಿಯಲ್ಲಿ ಎರಡನೆಯ ವರ್ಷ ಓದುತ್ತಿದ್ದ ನನ್ನ ತಂಗಿಯ ಮಗಳು ನಮ್ಮಲ್ಲಿಗೆ ಬಂದಿದ್ದಳು. "ಮಾವ, ಅಡಿಕೆ ಸುಲಿಯುವವರಿಗೆಲ್ಲ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಹಿಡಿಸುತ್ತದೆಯೇ ನೋಡಲು ಹೇಳಿ" ಎಂದಳು. ಚಪ್ಪರದಲ್ಲಿ ನಗುವೋ ನಗು. ಒಬ್ಬನಿಗೆ ಮಾತ್ರ ಎರಡೇ ಬೆರಳು ಹಿಡಿಸಿದವು. ಖಾರ ತಿಂದರೆ ಬಾಯಿ ಉರಿಯುತ್ತದೆಂದು ಆತ ವರ್ಷದಿಂದ ಸಪ್ಪೆ ಊಟ ಮಾಡುತ್ತಿದ್ದನಂತೆ, ಯಾರಿಗೂ ಹೇಳಿರಲಿಲ್ಲ. ಇದಕ್ಕೆ ಹೆಸರಿಡುವುದು ತನ್ನ ಕೆಲಸವಲ್ಲವೆಂದೂ ಕೂಡಲೆ ದಂತವೈದ್ಯರಿಗೆ ತೋರಿಸಬೇಕೆಂದೂ ಹುಡುಗಿ ಹೇಳಿದಳು. ಆತ ಈಗ ಚಿಕಿತ್ಸೆಯಲ್ಲಿದ್ದಾನೆ, ಕವಳ ಬಿಟ್ಟಿದ್ದಾನೆ. ಕಟ್ಟಿದ ನಾರು ಪೂರ್ತಿ ಕರಗುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ. ಮುಂದೆ ಕಟ್ಟದಂತೆ ತಡೆಯುವುದೇ ಲಾಭ.

ವಾರ್ಡಿನಲ್ಲಿ ಕೇಳುವ ಪ್ರಶ್ನೆ

ವಾರ್ಡಿನಲ್ಲಿ ವಿದ್ಯಾರ್ಥಿಗಳು ಮೊದಲು ಕಲಿಯುವುದು ರೋಗಿಯ ಪೂರ್ವಾಪರ ಕೇಳುವುದನ್ನು. ಹೊರರಾಜ್ಯದ ಮಕ್ಕಳೂ ಅರೆಬರೆ ಕನ್ನಡದಲ್ಲಿ "ಏನು ಕೆಲಸ ಮಾಡ್ತೀರಿ?" ಎಂದು ಕೇಳುತ್ತಾರೆ. ವೈದ್ಯನು ಕೇಳಬೇಕಾದ ಪ್ರಶ್ನೆಗಳಿಗೆ ಇದನ್ನು ಸೇರಿಸಬೇಕೆಂದು ಇಟಲಿಯ ರಾಮಜ್ಜಿನಿ 1700ರಲ್ಲಿ ಕಸುಬಿನ ರೋಗಗಳನ್ನು ಕುರಿತ ತನ್ನ ಗ್ರಂಥದಲ್ಲಿ ಹೇಳಿದ್ದನು. ನಮ್ಮವರು ಇದಕ್ಕೆ "ಕೂಲಿ" ಎಂದೋ "ಜಮೀನು" ಎಂದೋ ಒಂದೇ ಮಾತು ಹೇಳಿ ಸುಮ್ಮನಾಗುತ್ತಾರೆ. ಚಿಕ್ಕ ಹುಡುಗರು, ಇವರಿಗೇನು ಹೇಳುವುದು ಎಂಬ ತಾತ್ಸಾರವೂ ಇದೆ.

ಮೇಲೆ ಹೇಳಿದ ಒಂದೊಂದು ರೋಗವನ್ನೂ ನೆನೆದು ನೋಡಿ. ಮಂಗನ ಕಾಯಿಲೆಯಾಗಲಿ, ಇಲಿಜ್ವರವಾಗಲಿ ಮೊದಲ ದಿನಗಳಲ್ಲಿ ಬರಿಯ ಜ್ವರದಂತೆಯೇ ಕಾಣುತ್ತದೆ. ಕಾಡಿಗೆ ಹೋಗಿದ್ದೆ, ಕೆಸರಿನಲ್ಲಿ ನಿಂತಿದ್ದೆ, ನಿನ್ನೆ ಈ ಮದ್ದು ಹೊಡೆದೆ ಎಂಬ ಮಾತೇ ಸುಳಿವು. ಆ ಸುಳಿವು ಯಂತ್ರದಲ್ಲಿ ಸಿಕ್ಕುವುದಿಲ್ಲ, ನಮ್ಮ ಬಾಯಿಂದಲೇ ಬರಬೇಕು.

ಆದುದರಿಂದ ಸದಸ್ಯ ಬಾಂಧವರಲ್ಲಿ ವಿನಂತಿ:

1. ಜ್ವರಕ್ಕೆ ಆಸ್ಪತ್ರೆಗೆ ಹೋದಾಗ ಹಿಂದಿನ ಎರಡು ಮೂರು ವಾರಗಳಲ್ಲಿ ಮಾಡಿದ ಕೆಲಸವನ್ನು ಕೇಳದಿದ್ದರೂ ಹೇಳಿರಿ. ಕಾಡಿನಲ್ಲಿ ಮಂಗ, ಮುಸಿಯ ಸತ್ತದ್ದು ಕಂಡರೆ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ.

2. ಕೀಟನಾಶಕ ತಾಗಿದವರ ಬಟ್ಟೆ ತೆಗೆಸಿ, ಸೋಪು ನೀರಿನಲ್ಲಿ ಮೈ ತೊಳೆದು, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಬಲವಂತದಿಂದ ವಾಂತಿ ಮಾಡಿಸಬೇಡಿ. ಚೀಟಿ ಸಹಿತವಾಗಿ ಡಬ್ಬಿಯನ್ನು ಜೊತೆಗೆ ಕೊಂಡೊಯ್ಯಿರಿ. ಡಬ್ಬಿಯ ಮೇಲಿನ ತ್ರಿಕೋನ ಕೆಂಪಾದರೆ ಅತಿ ಘೋರ ವಿಷ, ಹಳದಿ ಅದರ ನಂತರದ್ದು, ಆಮೇಲೆ ನೀಲಿ, ಹಸಿರು. ಹಸಿರೂ ವಿಷವೇ.

3. ಬಾಯಲ್ಲಿ ಎರಡು ವಾರಕ್ಕೂ ಮಾಯದ ಹುಣ್ಣು, ಬಿಳಿ ಮಚ್ಚೆ, ಖಾರಕ್ಕೆ ಉರಿ, ಮೂರು ಬೆರಳು ಹಿಡಿಸದಿರುವುದು ಕಂಡರೆ ವೈದ್ಯರಿಗೆ ತೋರಿಸಿರಿ.

4. ಆ್ಯಂಟಿಬಯಾಟಿಕ್ ಔಷಧವನ್ನು ವೈದ್ಯರು ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಿರಿ, ಉಳಿದದ್ದನ್ನು ಪಕ್ಕದ ಮನೆಗೆ ಹಂಚಬೇಡಿರಿ. ಒಂದೇ ಮದ್ದನ್ನು ಅಳತೆತಪ್ಪಿ ಹೊಡೆದರೆ ರೋಗಾಣು ಅದಕ್ಕೆ ಒಗ್ಗಿಕೊಳ್ಳುವುದನ್ನು ತೋಟದಲ್ಲಿ ನಾವೇ ಕಂಡಿದ್ದೇವೆ.

5. ಎರಡನೆಯ ವರ್ಷದ ಮಕ್ಕಳನ್ನು ಗುಳಿಗೆ ಕೇಳಬೇಡಿರಿ. ಚೀಟಿ ಬರೆಯುವ ಅಧಿಕಾರ ಅವರಿಗಿನ್ನೂ ಬಂದಿಲ್ಲ. ಅವರು ಕೇಳುವ ಪ್ರಶ್ನೆಗಳಿಗೆ ಮಾತ್ರ ಸಾವಧಾನವಾಗಿ, ಮುಚ್ಚುಮರೆಯಿಲ್ಲದೆ ಉತ್ತರ ಕೊಡಿರಿ. ಇಂದು ನಮ್ಮಿಂದ ಕಲಿತದ್ದನ್ನು ಅವರು ನಾಳೆ ನಮ್ಮಂಥವರ ಮೇಲೆಯೇ ಪ್ರಯೋಗಿಸುವವರು.

— ಕಾರ್ಯದರ್ಶಿ